ಓದುಗರ ಪ್ರಶ್ನೆ: ಆ ಎಲುಬು ನಿಜದ್ದಾ?

ಹಿಂದಿನ ಸಂಚಿಕೆಯಲ್ಲಿ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಬರೆದಿದ್ದೆ. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರು ಆ ಊರಿನಲ್ಲಿ ಒಂದೇ ಜಾಗ ನೋಡುವುದಾದರೆ ಇದನ್ನು ನೋಡಲಿ ಎಂದಿದ್ದೆ. ತುಂಬಾ ಪತ್ರಗಳು ಬಂದಿವೆ. ನಾನು ಸಾಗರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಮಗಳು ನ್ಯೂಜೆರ್ಸಿಯಲ್ಲಿ ಇರುವುದರಿಂದ ಈ ಮ್ಯೂಸಿಯಂ ನನಗೆ ಚೆನ್ನಾಗಿ ಪರಿಚಯ. ಕೆಲವು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಮತ್ತು ನಮ್ಮ ಯಜಮಾನರು ಜೂನ್‌ನಲ್ಲಿ ಎಡಿಸನ್‌ನಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇವೆ. ನನಗೆ ಮಂಡಿ ನೋವು, ಅವರಿಗೆ ಸಕ್ಕರೆ ಕಾಯಿಲೆ. ಆ ಮ್ಯೂಸಿಯಂ ಒಂದು ದಿನದಲ್ಲಿ ನೋಡಿ ಮುಗಿಸಬಹುದಾ? ಹೇಗೆ ಹೋಗಬೇಕು, ಖರ್ಚು ಎಷ್ಟು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮುಗಿಯುವುದಿಲ್ಲಮ್ಮ. ಮುಗಿಸಲು ಹೋಗಲೂ ಬೇಡಿ. ಅದು 1869ರಲ್ಲಿ ಶುರುವಾದ ಸಂಸ್ಥೆ. ಈಗಿನ ಜಾಗದಲ್ಲಿ ಮೊದಲ ಕಟ್ಟಡ ತೆರೆದದ್ದು 1877ರಲ್ಲಿ. ಆಮೇಲೆ ಒಂದಕ್ಕೊಂದು ಸೇರಿಸಿ ಕಟ್ಟುತ್ತಲೇ ಬಂದಿದ್ದಾರೆ. 2023ರಲ್ಲಿ ಗಿಲ್ಡರ್ ಸೆಂಟರ್ ಎಂಬ ಹೊಸ ಭಾಗ ತೆರೆಯಿತು. ಒಳಗೆ ಎಲ್ಲರಿಗೂ ದಾರಿ ತಪ್ಪುತ್ತದೆ. ಎಲ್ಲವನ್ನೂ ನೋಡಬೇಕು ಎಂದು ಓಡಾಡಿದವರಿಗೆ ಸಂಜೆ ಕಾಲು ನೋವು ಬಿಟ್ಟು ಬೇರೇನೂ ನೆನಪಿರುವುದಿಲ್ಲ.

ಮೂರು ಜಾಗ ಆರಿಸಿಕೊಳ್ಳಿ. ಮೊದಲು ಲಿಫ್ಟಿನಲ್ಲಿ ನಾಲ್ಕನೇ ಮಹಡಿಗೆ ಹೋಗಿ, ಡೈನೋಸಾರ್‌ಗಳು ಅಲ್ಲಿವೆ. ಆಮೇಲೆ ಎರಡನೇ ಮಹಡಿ. ಆಫ್ರಿಕಾದ ಪ್ರಾಣಿಗಳು, ನಮ್ಮ ಏಷ್ಯಾದ ಪ್ರಾಣಿಗಳು ಎರಡೂ ಅಲ್ಲೇ ಇವೆ. ಕೊನೆಗೆ ಒಂದನೇ ಮಹಡಿಯಲ್ಲಿ ನೀಲಿ ತಿಮಿಂಗಿಲ. ಅದರ ಕೆಳಗೆ ದೊಡ್ಡ ಖಾಲಿ ನೆಲ ಇದೆ. ಜನ ಸುಮ್ನೆ ಕೂತಿರುತ್ತಾರೆ, ಮಕ್ಕಳು ಅಂಗಾತ ಮಲಗಿ ಮೇಲೆ ನೋಡುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಸುಸ್ತಾದ ಕಾಲಿಗೆ ಅಷ್ಟು ಒಳ್ಳೆಯ ಜಾಗ ಆ ಕಟ್ಟಡದಲ್ಲಿ ಇನ್ನೊಂದಿಲ್ಲ. ಹಾಗಾಗಿ ಅದು ಕೊನೆಗಿರಲಿ.

ಎಡಿಸನ್‌ನಿಂದ ರೈಲಿನಲ್ಲಿ ನ್ಯೂಯಾರ್ಕ್ ಪೆನ್ ಸ್ಟೇಷನ್, ಅಲ್ಲಿಂದ ನೆಲದಡಿಯ ‘ಸಿ’ ರೈಲು ಹಿಡಿದು 81ನೇ ಬೀದಿ. ನಿಲ್ದಾಣದ ಗೋಡೆಯ ಮೇಲೆ ಹೆಂಚಿನ ಚೂರುಗಳಲ್ಲಿ ಪ್ರಾಣಿ ಚಿತ್ರಗಳಿವೆ, ಅವನ್ನೂ ನೋಡಿ. ಆದರೆ ಅಲ್ಲಿ ಮೆಟ್ಟಿಲು ಹತ್ತಬೇಕು. ಮಂಡಿ ನೋವು ಜಾಸ್ತಿ ಇದ್ದರೆ ಪೆನ್ ಸ್ಟೇಷನ್‌ನಿಂದ ಟ್ಯಾಕ್ಸಿ ಮಾಡಿ. ಸೆಂಟ್ರಲ್ ಪಾರ್ಕ್ ಎದುರಿನ ದೊಡ್ಡ ಬಾಗಿಲು ನೋಡಲು ಭವ್ಯ, ಆದರೆ ಅಲ್ಲೂ ಮೆಟ್ಟಿಲು. ಕೊಲಂಬಸ್ ಅವೆನ್ಯೂ ಕಡೆಯ ಗಿಲ್ಡರ್ ಸೆಂಟರ್ ಬಾಗಿಲಿನಿಂದ ಬನ್ನಿ, ಅದು ನೆಲದ ಮಟ್ಟದಲ್ಲಿದೆ. ಗಾಲಿಕುರ್ಚಿ ಬೇಕಿದ್ದರೆ ಅಲ್ಲಿ ಕೇಳಿ, ದುಡ್ಡು ತೆಗೆದುಕೊಳ್ಳುವುದಿಲ್ಲ. ಕೇಳಲು ಸಂಕೋಚ ಬೇಡ.

ಟಿಕೆಟ್ ವಿಷಯ. ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಕ್ಟಿಕಟ್ ನಿವಾಸಿಗಳು ತಮಗೆ ಆದಷ್ಟು ಕೊಟ್ಟು ಒಳಗೆ ಹೋಗಬಹುದು. ಮಗ ಸೊಸೆ ತಮ್ಮ ವಿಳಾಸದ ಗುರುತಿನ ಚೀಟಿ ತರಲಿ. ನೀವಿಬ್ಬರೂ ಪ್ರವಾಸಿಗಳು, ನಿಮಗೆ ಪೂರ್ತಿ ದರ. ತಲೆಗೆ ಸುಮಾರು 30 ಡಾಲರ್ ಲೆಕ್ಕ ಇಟ್ಟುಕೊಳ್ಳಿ, ಹಿರಿಯರಿಗೆ ಸ್ವಲ್ಪ ಕಡಿಮೆ. ಹೊರಡುವ ಮೊದಲು ಮಗ ಅವರ ವೆಬ್‌ಸೈಟ್ ನೋಡಿ ಸಮಯ ಕಾದಿರಿಸಲಿ. ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ, ಸಂಜೆ ಐದೂವರೆಗೆ ಮುಚ್ಚುತ್ತದೆ. ವಾರದ ನಡುವೆ ಹೋದರೆ ಒಳ್ಳೆಯದು.

ಯಜಮಾನರ ಊಟ ಹೊತ್ತು ಮೀರಬಾರದು ಅಲ್ವಾ? ಚಪಾತಿ ಪಲ್ಯ ಕಟ್ಟಿಕೊಂಡು ಹೋಗಿ. ರಸ್ತೆ ದಾಟಿದರೆ ಸೆಂಟ್ರಲ್ ಪಾರ್ಕ್, ಮರದ ಕೆಳಗೆ ಬೆಂಚುಗಳಿವೆ. ಹೊರಗೆ ಹೋಗುವ ಮೊದಲು ಮತ್ತೆ ಒಳಗೆ ಬರುವುದು ಹೇಗೆ ಎಂದು ಬಾಗಿಲಲ್ಲಿ ಕೇಳಿಕೊಳ್ಳಿ.

ಪ್ರಶ್ನೆ: ನನ್ನ ಹತ್ತು ವರ್ಷದ ಮೊಮ್ಮಗ ಆ ಮ್ಯೂಸಿಯಂ ವಿಡಿಯೋ ನೋಡಿ, ‘ಅಜ್ಜ, ಆ ಡೈನೋಸಾರ್ ಎಲುಬು ನಿಜದ್ದಾ, ಪ್ಲಾಸ್ಟಿಕ್ಕಾ?’ ಎಂದು ಕೇಳುತ್ತಾನೆ. ನನಗೆ ಉತ್ತರ ಗೊತ್ತಾಗಲಿಲ್ಲ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ಮೊಮ್ಮಗನಿಗೆ ನನ್ನ ಶಾಭಾಸ್ ಹೇಳಿ. ಮ್ಯೂಸಿಯಂನಲ್ಲಿ ಪ್ರತಿ ವಸ್ತುವಿನ ಮುಂದೆ ಕೇಳಬೇಕಾದ ಪ್ರಶ್ನೆ ಇದು. ನಿಜದ್ದಾ? ಎಲ್ಲಿಂದ ಬಂತು? ಯಾರು ತಂದರು? ಈ ಮೂರು ಕೇಳುತ್ತಾ ಹೋದರೆ ಅರ್ಧ ಮ್ಯೂಸಿಯಂ ಅರ್ಥವಾದಂತೆ.

ಉತ್ತರ ಏನೆಂದರೆ ಎರಡೂ ಇವೆ. ದೊಡ್ಡ ಬಾಗಿಲಿನಿಂದ ಒಳಗೆ ಬಂದ ಕೂಡಲೇ ಹಿಂಗಾಲ ಮೇಲೆ ಎದ್ದು ನಿಂತ ಒಂದು ಬರೋಸಾರಸ್ ಕಾಣುತ್ತದೆ. ಮರಿಯನ್ನು ಕಾಪಾಡಲು ಅಲೋಸಾರಸ್ ಎಂಬ ಬೇಟೆ ಪ್ರಾಣಿಯ ಎದುರು ನಿಂತಿರುವ ಹಾಗೆ ಜೋಡಿಸಿದ್ದಾರೆ. ಅದು ಅಚ್ಚು ತೆಗೆದು ಮಾಡಿದ್ದು. ನಿಜವಾದ ಎಲುಬು ಕಲ್ಲಿನಷ್ಟು ಭಾರ, ಅಷ್ಟು ಎತ್ತರಕ್ಕೆ ನಿಲ್ಲಿಸಲು ಆಗುವುದಿಲ್ಲ. ನಾಲ್ಕನೇ ಮಹಡಿಯ ಟೈಟನೋಸಾರ್ ಕೂಡ ಅಚ್ಚೇ. ಅದರ ಹೆಸರು ಪಟಗೋಟೈಟನ್, ಅರ್ಜೆಂಟಿನಾದ ಪಟಗೋನಿಯಾದಲ್ಲಿ ಸಿಕ್ಕಿದ ಪ್ರಾಣಿ. ಉದ್ದ 122 ಅಡಿ. 2016ರಲ್ಲಿ ನಿಲ್ಲಿಸಿದರು. ಕೋಣೆಯಲ್ಲಿ ಹಿಡಿಸದೆ ಕತ್ತು ಮತ್ತು ತಲೆ ಬಾಗಿಲಾಚೆ, ಲಿಫ್ಟ್ ಕಡೆಗೆ ಬಂದಿವೆ. ಲಿಫ್ಟಿನಿಂದ ಇಳಿದವರಿಗೆ ಮೊದಲು ಕಾಣುವುದೇ ಆ ಮುಖ.

ಅದೇ ಮಹಡಿಯ ಉಳಿದ ಡೈನೋಸಾರ್ ಕೋಣೆಗಳಲ್ಲಿ ಹೆಚ್ಚಿನವು ನಿಜವಾದ ಪಳೆಯುಳಿಕೆ. ನಿಜವಾದದ್ದು ಎಂದರೆ ಏನು ಎಂದೂ ಮೊಮ್ಮಗನಿಗೆ ಹೇಳಿ. ಪ್ರಾಣಿ ಸತ್ತು ಮರಳಲ್ಲೋ ಕೆಸರಲ್ಲೋ ಹೂತು ಹೋಗುತ್ತದೆ. ಎಲುಬಿನ ಸಣ್ಣ ಸಣ್ಣ ರಂಧ್ರಗಳಿಗೆ ಖನಿಜ ಕರಗಿದ ನೀರು ಇಳಿಯುತ್ತದೆ. ಸಾವಿರಾರು, ಲಕ್ಷಾಂತರ ವರ್ಷಗಳಲ್ಲಿ ಆ ಖನಿಜ ಒಳಗೇ ಕೂತು ಗಟ್ಟಿಯಾಗುತ್ತದೆ. ಆಕಾರ ಎಲುಬಿನದು, ತೂಕ ಕಲ್ಲಿನದು.

ಟೈರನೋಸಾರಸ್ ರೆಕ್ಸ್ ಮುಂದೆ ತುಂಬಾ ಹೊತ್ತು ನಿಲ್ಲಿ. 1908ರಲ್ಲಿ ಬಾರ್ನಮ್ ಬ್ರೌನ್ ಎಂಬವರು ಮೊಂಟಾನಾದಲ್ಲಿ ಅಗೆದು ತೆಗೆದದ್ದು. ಇಡೀ ಎಲುಬಿನ ಗೂಡಿನಲ್ಲಿ ಸುಮಾರು ಅರ್ಧದಷ್ಟು ನಿಜವಾದ ಎಲುಬು. ಮೇಲಿರುವ ತಲೆ ಮಾತ್ರ ಅಚ್ಚು, ಯಾಕೆಂದರೆ ನಿಜವಾದ ತಲೆಬುರುಡೆ ಭಾರ ಜಾಸ್ತಿ. ಅದನ್ನು ಹತ್ತಿರದಲ್ಲೇ ಬೇರೆ ಇಟ್ಟಿದ್ದಾರೆ. 1915ರಲ್ಲಿ ಮೊದಲು ನಿಲ್ಲಿಸಿದಾಗ ಬಾಲವನ್ನು ನೆಲಕ್ಕೆ ಎಳೆದುಕೊಂಡು ನೆಟ್ಟಗೆ ನಿಂತ ಹಾಗೆ ಜೋಡಿಸಿದ್ದರು. ಆಗಿನ ತಿಳಿವಳಿಕೆ ಅಷ್ಟು. 1990ರ ದಶಕದಲ್ಲಿ ಬಿಚ್ಚಿ ಮತ್ತೆ ಕಟ್ಟಿದರು. ಈಗ ಬೆನ್ನು ಅಡ್ಡ, ಬಾಲ ಗಾಳಿಯಲ್ಲಿ, ತಲೆ ಮುಂದೆ. ಎಲುಬು ಅದೇ, ನಮ್ಮ ತಿಳಿವಳಿಕೆ ಬದಲಾಯಿತು. ವಿಜ್ಞಾನ ಹೇಗೆ ನಡೆಯುತ್ತದೆ ಎಂದು ಮಕ್ಕಳಿಗೆ ತೋರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಇನ್ನೊಂದು ಕಥೆಯೂ ಇದೆ. 1923ರಲ್ಲಿ ಇದೇ ಮ್ಯೂಸಿಯಂನ ರಾಯ್ ಚಾಪ್‌ಮನ್ ಆ್ಯಂಡ್ರೂಸ್ ತಂಡ ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ ಡೈನೋಸಾರ್ ಮೊಟ್ಟೆಗಳ ಗೂಡು ಕಂಡಿತು. ಗೂಡಿನ ಮೇಲೆ ಇನ್ನೊಂದು ಜಾತಿಯದು ಎಂದು ಅವರಿಗೆ ಅನ್ನಿಸಿದ ಪ್ರಾಣಿಯ ಎಲುಬು ಸಿಕ್ಕಿತು. ಮೊಟ್ಟೆ ಕದಿಯಲು ಬಂದು ಸತ್ತ ಪ್ರಾಣಿ ಇರಬೇಕು ಎಂದು ತೀರ್ಮಾನಿಸಿದರು. 1993ರಲ್ಲಿ ಮ್ಯೂಸಿಯಂನವರೇ ಮತ್ತೆ ಗೋಬಿಗೆ ಹೋದಾಗ ಅದೇ ತರದ ಮೊಟ್ಟೆಯೊಳಗೆ ಭ್ರೂಣ ಸಿಕ್ಕಿತು. ನೋಡಿದರೆ ಅದು ಕಳ್ಳ ಎಂದು ಹೇಳಿದ ಪ್ರಾಣಿಯ ಬಳಗದ್ದೇ! ಆಮೇಲೆ ಗೂಡಿನ ಮೇಲೆ ಕಾವು ಕೂತ ಭಂಗಿಯಲ್ಲೇ ಸತ್ತ ಎಲುಬಿನ ಗೂಡೂ ಸಿಕ್ಕಿತು. ಎಪ್ಪತ್ತು ವರ್ಷ ಒಂದು ಪ್ರಾಣಿ ಸುಳ್ಳು ಆಪಾದನೆ ಹೊತ್ತಿತ್ತು. ಈ ಕಥೆಯನ್ನು ಹೇಳುವಾಗ ಈಗಲೂ ನನಗೆ ಗಂಟಲು ಕಟ್ಟುತ್ತದೆ.

ಮೊಮ್ಮಗನಿಗೆ ಒಂದು ಕೆಲಸ ಕೊಡಿ. ಮನೆಯಲ್ಲಿ ಕೋಳಿ ಸಾರು ಮಾಡುವವರಾದರೆ ಎದೆಯ ಭಾಗದ ಕವಲಿನಂಥ ಎಲುಬು ತೆಗೆದಿಡಿ. ಟೈರನೋಸಾರಸ್‌ಗೂ ಅದೇ ಎಲುಬು ಇತ್ತು. ಹಕ್ಕಿಗಳು ಡೈನೋಸಾರ್ ವಂಶದವೇ. ಆ ಮಹಡಿಯ ನೆಲದ ಮೇಲೆ ಒಂದು ಕಪ್ಪು ಗೆರೆ ಹೋಗುತ್ತದೆ, ಅಲ್ಲಲ್ಲಿ ಕವಲೊಡೆಯುತ್ತದೆ. ಯಾರು ಯಾರಿಗೆ ನೆಂಟರು ಎಂಬುದನ್ನು ನಡೆದೇ ತಿಳಿಯಲಿ ಎಂದು ಹಾಗೆ ಮಾಡಿದ್ದಾರೆ. ಹೆಚ್ಚಿನವರು ಅದನ್ನು ತುಳಿದುಕೊಂಡು ಹೋಗುತ್ತಾರೆ, ನೋಡುವುದಿಲ್ಲ.

ನೀಲಿ ತಿಮಿಂಗಿಲ? ಅದು ಪೂರ್ತಿ ಮಾದರಿ. ಫೈಬರ್ ಗ್ಲಾಸಿನದು, 94 ಅಡಿ ಉದ್ದ. 1969ರಲ್ಲಿ ತೂಗುಹಾಕಿದರು, 2003ರಲ್ಲಿ ತಿದ್ದಿದರು. ಆಗ ಹೊಕ್ಕುಳನ್ನೂ ಸೇರಿಸಿದರು. ಮೊದಲು ಅದು ಬಿಟ್ಟುಹೋಗಿತ್ತು.

ಪ್ರಶ್ನೆ: ಅಮೆರಿಕ, ಅರ್ಜೆಂಟಿನಾ, ಗುಜರಾತ್ ಎಲ್ಲ ಕಡೆ ಡೈನೋಸಾರ್ ಸಿಗುತ್ತದೆ. ನಮ್ಮ ಕರ್ನಾಟಕದಲ್ಲಿ ಯಾಕಿಲ್ಲ? ಯಾರೂ ಹುಡುಕಿಲ್ಲವಾ?
– ವಿದ್ಯಾರ್ಥಿ, ಚಿತ್ರದುರ್ಗ

ಉತ್ತರ: ಬಂಡೆಯನ್ನು ಕೇಳಬೇಕಪ್ಪ. ಎಲುಬು ಕಲ್ಲಾಗಿ ಉಳಿಯಬೇಕಾದರೆ ಡೈನೋಸಾರ್ ಬದುಕಿದ್ದ ಕಾಲದಲ್ಲಿ, ಅಂದರೆ ಸುಮಾರು 23 ಕೋಟಿ ವರ್ಷದಿಂದ 6.6 ಕೋಟಿ ವರ್ಷದ ಹಿಂದಿನವರೆಗೆ, ಅಲ್ಲಿ ಮರಳು, ಮಣ್ಣು ಪದರ ಪದರವಾಗಿ ಬಿದ್ದಿರಬೇಕು. ನಮ್ಮ ರಾಜ್ಯದ ಹೆಚ್ಚಿನ ನೆಲ ಅದಕ್ಕಿಂತ ಬಹಳ ಹಳೆಯದು. ನಿಮ್ಮೂರಿನ ಕೋಟೆ ನಿಂತಿರುವ ಬಂಡೆ ಇನ್ನೂರು ಕೋಟಿ ವರ್ಷಕ್ಕೂ ಹಳೆಯದು. ಆಗ ಭೂಮಿಯ ಮೇಲೆ ಎಲುಬಿರುವ ಪ್ರಾಣಿಯೇ ಇರಲಿಲ್ಲ. ಬಾಗಲಕೋಟೆ, ಕಲಬುರಗಿ ಕಡೆ ಪದರದ ಕಲ್ಲುಗಳಿವೆ. ಬಾದಾಮಿಯ ಕೆಂಪು ಕಲ್ಲು ನೋಡಿದ್ದೀಯಲ್ಲ, ಅದೂ ಡೈನೋಸಾರ್‌ಗಿಂತ ಹಳೆಯದು. ಬೀದರ್, ವಿಜಯಪುರದ ಕಪ್ಪು ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಕಾಲ ಸರಿಯಾಗಿದೆ, ಆದರೆ ಕುದಿಯುವ ಲಾವಾದಲ್ಲಿ ಎಲುಬು ಉಳಿಯುವುದು ಎಲ್ಲಿಂದ ಬಂತು?

ಬೇಸರ ಬೇಡ. ಟೈಟನೋಸಾರ್ ಎಂಬ ಗುಂಪಿಗೆ ಆ ಹೆಸರು ಬಂದದ್ದೇ ಭಾರತದಿಂದ. ಮಧ್ಯಪ್ರದೇಶದ ಜಬಲ್ಪುರದಲ್ಲಿ ಸಿಕ್ಕಿದ ಎಲುಬುಗಳನ್ನು ನೋಡಿ 1877ರಲ್ಲಿ ರಿಚರ್ಡ್ ಲೈಡೆಕ್ಕರ್ ಟೈಟನೋಸಾರಸ್ ಇಂಡಿಕಸ್ ಎಂದು ಹೆಸರಿಟ್ಟರು. ನ್ಯೂಯಾರ್ಕಿನ ಆ 122 ಅಡಿ ದೈತ್ಯ ಇದೇ ಬಳಗದ್ದು. ಮೇಲೆ ಹೇಳಿದ ಬಾರ್ನಮ್ ಬ್ರೌನ್ ಕೂಡ 1922ರಲ್ಲಿ ನಮ್ಮ ದೇಶಕ್ಕೆ ಬಂದು ಶಿವಾಲಿಕ್ ಬೆಟ್ಟಗಳಲ್ಲಿ ಹಳೆಯ ಸಸ್ತನಿಗಳ ಪಳೆಯುಳಿಕೆ ಆರಿಸಿ ಆ ಮ್ಯೂಸಿಯಂಗೆ ಒಯ್ದಿದ್ದಾರೆ.

ಪ್ರಶ್ನೆ: ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಆನೆ, ಸಿಂಹ, ಗೊರಿಲ್ಲ ನಿಲ್ಲಿಸಿದ್ದಾರೆ. ಅವೆಲ್ಲ ಕೊಂದು ತಂದವು ಎಂದು ಕೇಳಿದೆ. ಹಾಗಿದ್ದರೆ ಅದನ್ನು ನೋಡಲು ಹೋಗುವುದು ಸರಿಯಾ? ನನ್ನ ಮಗಳು ಪ್ರಾಣಿಪ್ರಿಯೆ, ಬರಲ್ಲ ಅಂತಾಳೆ.
– ಓದುಗರೊಬ್ಬರು, ಮೈಸೂರು

ಉತ್ತರ: ಕೊಂದು ತಂದವೇ. ಅದನ್ನು ಮುಚ್ಚಿಟ್ಟು ಹೇಳಲು ನನಗೆ ಇಷ್ಟವಿಲ್ಲ. ಮಗಳಿಗೆ ಪೂರ್ತಿ ಕಥೆ ಹೇಳಿ, ಆಮೇಲೆ ಅವಳೇ ತೀರ್ಮಾನಿಸಲಿ.

ಆಫ್ರಿಕಾದ ಪ್ರಾಣಿಗಳ ಸಭಾಂಗಣಕ್ಕೆ ಕಾರ್ಲ್ ಏಕ್ಲಿ ಅವರ ಹೆಸರು. ಅವರಿಗಿಂತ ಮೊದಲು ಸತ್ತ ಪ್ರಾಣಿಯ ಚರ್ಮದೊಳಗೆ ಹುಲ್ಲು ತುರುಕಿ ಹೊಲಿಯುತ್ತಿದ್ದರು. ಏಕ್ಲಿ ಶಿಲ್ಪಿಯ ಹಾಗೆ ಕೆಲಸ ಮಾಡಿದರು. ಪ್ರಾಣಿಯ ಅಳತೆ ತೆಗೆದು, ಸ್ನಾಯು ಸ್ನಾಯು ತಿದ್ದಿ ಮಣ್ಣಿನಲ್ಲಿ ಆಕಾರ ಮಾಡಿ, ಅದರ ಅಚ್ಚಿನಿಂದ ಹಗುರ ಬೊಂಬೆ ತೆಗೆದು, ಅದರ ಮೇಲೆ ಚರ್ಮ ಕೂರಿಸಿದರು. ಅದಕ್ಕೇ ಆ ಪ್ರಾಣಿಗಳ ಭುಜ, ಕುತ್ತಿಗೆ ನೋಡಿದರೆ ಉಸಿರಾಡುತ್ತಿವೆ ಅನ್ನಿಸುತ್ತದೆ. ಸಭಾಂಗಣದ ನಡುವೆ ಎಂಟು ಆನೆಗಳ ಹಿಂಡು, ಸುತ್ತ ಎರಡು ಅಂತಸ್ತಿನಲ್ಲಿ 28 ದೃಶ್ಯಗಳು. ಚಿತ್ರಕಾರರು ಆಫ್ರಿಕಾಕ್ಕೇ ಹೋಗಿ ಆ ಬೆಟ್ಟ, ಆ ಮೋಡ, ಆ ಗಿಡ ನೋಡಿ ಬರೆದುಕೊಂಡು ಬಂದರು. ಹಿಂದಿನ ಗೋಡೆ ಬಾಗಿದೆ, ಮೂಲೆ ಇಲ್ಲ, ಹಾಗಾಗಿ ದೂರ ಎಲ್ಲಿ ಮುಗಿಯಿತು ಎಂದು ಕಣ್ಣಿಗೆ ತಿಳಿಯುವುದಿಲ್ಲ. ನಿಜವಾದ ನೆಲ ಎಲ್ಲಿ ಮುಗಿದು ಚಿತ್ರ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಿ ನೋಡಿ. ನನಗೆ ಕೆಲವದರಲ್ಲಿ ಇನ್ನೂ ಸಿಕ್ಕಿಲ್ಲ.

ಈಗ ಗೊರಿಲ್ಲ ವಿಷಯ. 1921ರಲ್ಲಿ ಏಕ್ಲಿ ಆಗಿನ ಬೆಲ್ಜಿಯನ್ ಕಾಂಗೋಗೆ ಹೋಗಿ ಬೆಟ್ಟದ ಗೊರಿಲ್ಲಗಳನ್ನು ಗುಂಡಿಟ್ಟು ಕೊಂದರು. ಆ ದೃಶ್ಯದಲ್ಲಿ ನಿಂತಿರುವುದು ಅವೇ. ಹತ್ತಿರದಿಂದ ಅವುಗಳ ಮುಖ ನೋಡಿದ ಮೇಲೆ ಅವರ ಮನಸ್ಸು ತಿರುಗಿತು. ಇವನ್ನು ಉಳಿಸಬೇಕು ಎಂದು ಬೆಲ್ಜಿಯಂ ರಾಜನ ಬೆನ್ನು ಹತ್ತಿದರು. 1925ರಲ್ಲಿ ಅಲ್ಲಿ ಆಲ್ಬರ್ಟ್ ರಾಷ್ಟ್ರೀಯ ಉದ್ಯಾನ ಆಯಿತು, ಅದು ಆಫ್ರಿಕಾದ ಮೊದಲನೆಯದು. ಇಂದು ಅದೇ ವಿರುಂಗಾ. ಮರುವರ್ಷ ಮತ್ತೆ ಅಲ್ಲಿಗೆ ಹೋದ ಏಕ್ಲಿ ಮಿಕೆನೊ ಬೆಟ್ಟದಲ್ಲಿ ಕಾಯಿಲೆಯಿಂದ ತೀರಿಕೊಂಡರು. ಗೊರಿಲ್ಲ ದೃಶ್ಯದಲ್ಲಿ ಕಾಣುವ ಆ ಬೆಟ್ಟದ ಸೀಮೆಯಲ್ಲೇ ಅವರ ಸಮಾಧಿ ಇದೆ. ಸಭಾಂಗಣ ತೆರೆದದ್ದು 1936ರಲ್ಲಿ, ಅವರು ಅದನ್ನು ನೋಡಲಿಲ್ಲ.

ಏಷ್ಯಾದ ಪ್ರಾಣಿಗಳ ಕೋಣೆಗೂ ಹೋಗಿ. 1930ರಲ್ಲಿ ತೆರೆದದ್ದು. ಆರ್ಥರ್ ವರ್ನೆ ಎಂಬ ವ್ಯಾಪಾರಿ ಮತ್ತು ಜಾನ್ ಫಾಂತಾರ್ಪ್ ಎಂಬ ಬ್ರಿಟಿಷ್ ಅಧಿಕಾರಿ 1920ರ ದಶಕದಲ್ಲಿ ನಮ್ಮ ದೇಶದ ಕಡೆ ಬೇಟೆಯಾಡಿ ತಂದ ಪ್ರಾಣಿಗಳು. ನಡುವೆ ಎರಡು ಆನೆ. ಸುತ್ತ ಹುಲಿ, ಕರಡಿ, ಕೃಷ್ಣಮೃಗ, ಘೇಂಡಾಮೃಗ, ಸಿಂಹ. ಬಂಡೀಪುರ, ನಾಗರಹೊಳೆಯಲ್ಲಿ ಜೀಪಿನಿಂದ ಕಂಡ ಕಾಟಿಯನ್ನು ಅಲ್ಲಿ ಎರಡು ಮಾರು ದೂರದಲ್ಲಿ ನೋಡುತ್ತೀರಿ. ಕಾಲಿನ ಬಿಳಿ ಪಟ್ಟಿ, ಬೆನ್ನಿನ ಏರು, ಕೊಂಬಿನ ತಿರುವು ಎಲ್ಲ ಕಾಣುತ್ತದೆ. ಇಷ್ಟು ದೂರ ಬಂದು ನಮ್ಮ ಕಾಡಿನ ಪ್ರಾಣಿಯನ್ನೇ ನೋಡುವುದಾ ಎಂದು ಕೆಲವರು ಮುಂದೆ ಹೋಗುತ್ತಾರೆ. ಹೋಗಬೇಡಿ. ಜೀಪಿನಿಂದ ಅಷ್ಟು ವಿವರ ಯಾರಿಗೂ ಕಾಣುವುದಿಲ್ಲ. ಅಲ್ಲಿ ಸುಮಾತ್ರಾ ಘೇಂಡಾಮೃಗವೂ ಇದೆ. ಇಂದು ಜಗತ್ತಿನಲ್ಲಿ ಜೀವಂತ ಉಳಿದಿರುವುದು ನೂರಕ್ಕಿಂತ ಕಡಿಮೆ.

ನೀವು ಮೈಸೂರಿನವರು, ನಿಮಗೆ ಈ ಕೆಲಸ ಹೊಸದಲ್ಲ. ವ್ಯಾನ್ ಇಂಗೆನ್ ಮನೆತನದವರು 1900ರ ಸುಮಾರಿಗೆ ನಿಮ್ಮ ಊರಿನಲ್ಲೇ ಶುರು ಮಾಡಿದ ಕಾರ್ಖಾನೆ 1999ರವರೆಗೆ ನಡೆಯಿತು. ರಾಜರು, ದೊರೆಗಳು ಹೊಡೆದ ಹುಲಿ, ಚಿರತೆಗಳು ಅಲ್ಲಿಂದಲೇ ಅರಮನೆ, ಬಂಗಲೆಗಳ ಗೋಡೆಗೆ ಹೋದವು. ನನ್ನ ಮಟ್ಟಿಗೆ ಅವೆರಡಕ್ಕೂ ವ್ಯತ್ಯಾಸವಿದೆ. ಗೋಡೆಯ ಹುಲಿ ಬೇಟೆಗಾರನ ಬಗ್ಗೆ ಹೇಳುತ್ತದೆ. ಈ ದೃಶ್ಯಗಳು ಪ್ರಾಣಿ ಯಾವ ಹುಲ್ಲಿನಲ್ಲಿ, ಯಾವ ಬೆಳಕಿನಲ್ಲಿ, ಯಾರ ಜೊತೆ ಬದುಕುತ್ತಿತ್ತು ಎಂದು ತೋರಿಸುತ್ತವೆ. ಹಾಗಂತ ಕೊಂದದ್ದು ಸರಿ ಎಂದು ಹೇಳುತ್ತಿಲ್ಲ. ಇಂದು ಯಾರೂ ಹಾಗೆ ಮಾಡಬಾರದು, ಮಾಡುವ ಅಗತ್ಯವೂ ಇಲ್ಲ. ಆದರೆ ಸತ್ತ ಆ ಪ್ರಾಣಿಗಳನ್ನು ಕತ್ತಲ ಕೋಣೆಯಲ್ಲಿ ಬೀಗ ಹಾಕಿ ಇಟ್ಟರೆ ಅವುಗಳಿಗೇನು ನ್ಯಾಯ ಸಿಗುತ್ತದೆ? ನಿಮ್ಮ ಮಗಳಂಥವರೇ ಅವುಗಳ ಮುಂದೆ ನಿಲ್ಲಬೇಕು ಎಂದು ನನ್ನ ಆಸೆ.

ಪ್ರಶ್ನೆ: ‘ಸ್ಟಾರ್ ಆಫ್ ಇಂಡಿಯಾ’ ಎಂಬ ರತ್ನ ಅಲ್ಲಿದೆಯಂತೆ. ಕೊಹಿನೂರಿನ ಹಾಗೆ ನಮ್ಮಿಂದ ಹೋದದ್ದಾ?
– ಓದುಗರೊಬ್ಬರು, ಮಂಗಳೂರು

ಉತ್ತರ: ಹೆಸರು ಇಂಡಿಯಾ, ಕಲ್ಲು ಶ್ರೀಲಂಕಾದ್ದು. 563 ಕ್ಯಾರೆಟ್‌ನ ನೀಲಮಣಿ. ಜೆ.ಪಿ. ಮಾರ್ಗನ್ ಎಂಬ ಶ್ರೀಮಂತರು ಮ್ಯೂಸಿಯಂಗೆ ಕೊಟ್ಟದ್ದು. ಕಲ್ಲಿನೊಳಗೆ ರೂಟೈಲ್ ಎಂಬ ಖನಿಜದ ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಗಳು ಮೂರು ದಿಕ್ಕಿಗೆ ಸಾಲಾಗಿವೆ. ಬೆಳಕು ಅವುಗಳ ಮೇಲೆ ಬಿದ್ದಾಗ ಆರು ಕಿರಣದ ನಕ್ಷತ್ರ ಕಾಣುತ್ತದೆ. ನೀವು ಅತ್ತಿತ್ತ ಸರಿದರೆ ನಕ್ಷತ್ರವೂ ಸರಿಯುತ್ತದೆ. 1964ರ ಅಕ್ಟೋಬರ್‌ನಲ್ಲಿ ಕಳ್ಳರು ರಾತ್ರಿ ಕಿಟಕಿಯಿಂದ ಇಳಿದು ಇದನ್ನು ಕದ್ದರು. ಎಚ್ಚರಿಕೆ ಗಂಟೆಯ ಬ್ಯಾಟರಿ ಸತ್ತಿತ್ತು. ಕೆಲವು ತಿಂಗಳ ಮೇಲೆ ಮಯಾಮಿಯ ಬಸ್ ನಿಲ್ದಾಣದ ಲಾಕರಿನಲ್ಲಿ ಸಿಕ್ಕಿತು. ರತ್ನಗಳ ಕೋಣೆಯನ್ನು ಹೊಸದಾಗಿ ಕಟ್ಟಿ 2021ರಲ್ಲಿ ಮತ್ತೆ ತೆರೆದಿದ್ದಾರೆ.

ಪ್ರಶ್ನೆ: ಅಮೆರಿಕದ ಮೂಲನಿವಾಸಿಗಳ ಕೋಣೆಗಳನ್ನು ಮುಚ್ಚಿದ್ದಾರೆ ಎಂದು ಅಲ್ಲಿರುವ ಗೆಳತಿ ಹೇಳಿದಳು. ದುಡ್ಡು ಕೊಟ್ಟು ಹೋದವರಿಗೆ ಇದು ನಷ್ಟ ಅಲ್ವಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮುಚ್ಚಿದ್ದು ಸರಿ ಎಂದೇ ನನ್ನ ಮತ. 2024ರ ಜನವರಿಯಲ್ಲಿ ಎರಡು ದೊಡ್ಡ ಸಭಾಂಗಣಗಳನ್ನು ಮುಚ್ಚಿದರು. ಮೂಲನಿವಾಸಿ ಸಮುದಾಯಗಳ ಒಪ್ಪಿಗೆ ಇಲ್ಲದೆ ಅವರ ಪವಿತ್ರ ವಸ್ತುಗಳನ್ನು ಪ್ರದರ್ಶಿಸಬಾರದು ಎಂದು ಅಲ್ಲಿನ ಸರಕಾರದ ಹೊಸ ನಿಯಮ ಬಂತು, ಅದಕ್ಕೆ.

ಇದರ ಹಿಂದೆ ನೋವಿನ ಚರಿತ್ರೆ ಇದೆ. ಒಂದನೇ ಮಹಡಿಯ ಉಲ್ಕೆಗಳ ಕೋಣೆಯಲ್ಲಿ ಅಹ್ನಿಗಿಟೊ ಎಂಬ ಕಬ್ಬಿಣದ ಉಲ್ಕೆ ಇದೆ. 30 ಟನ್‌ಗೂ ಜಾಸ್ತಿ ತೂಕ. ಅದನ್ನು ಹೊತ್ತ ಕಂಬಗಳು ನೆಲ ತೂರಿ ಕೆಳಗಿನ ಬಂಡೆಯವರೆಗೆ ಇಳಿದಿವೆ. ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನ ಆ ಉಲ್ಕೆಗಳ ಕಬ್ಬಿಣ ಕೆತ್ತಿ ಚಾಕು, ಈಟಿ ಮಾಡಿಕೊಳ್ಳುತ್ತಿದ್ದರು. 1897ರಲ್ಲಿ ಅಮೆರಿಕದ ಅನ್ವೇಷಕ ರಾಬರ್ಟ್ ಪಿಯರಿ ಅದನ್ನು ಹಡಗಿನಲ್ಲಿ ನ್ಯೂಯಾರ್ಕಿಗೆ ತಂದ. ಅದೇ ಹಡಗಿನಲ್ಲಿ ಆರು ಮಂದಿ ಇನ್ಯೂಟರನ್ನೂ ಕರೆತಂದ. ಅವರನ್ನು ಮ್ಯೂಸಿಯಂನಲ್ಲೇ ಇರಿಸಿದರು. ಕೆಲವೇ ತಿಂಗಳಲ್ಲಿ ನಾಲ್ವರು ಕಾಯಿಲೆಯಿಂದ ಸತ್ತರು. ಅವರಲ್ಲಿ ಒಬ್ಬನ ಮಗ ಮಿನಿಕ್, ಪುಟ್ಟ ಹುಡುಗ. ಅಪ್ಪನನ್ನು ಹೂಳಿದ ಹಾಗೆ ಅವನ ಮುಂದೆ ನಾಟಕ ಮಾಡಿ, ಎಲುಬನ್ನು ಮ್ಯೂಸಿಯಂನಲ್ಲಿ ಇಟ್ಟುಕೊಂಡರು. ದೊಡ್ಡವನಾದ ಮೇಲೆ ಮಿನಿಕ್ ಕೇಳಿದ, ಕೊಡಲಿಲ್ಲ. ಆ ನಾಲ್ವರ ಎಲುಬು ಗ್ರೀನ್‌ಲ್ಯಾಂಡಿಗೆ ಮರಳಿದ್ದು 1993ರಲ್ಲಿ. ಮಿನಿಕ್ ಅಷ್ಟು ಹೊತ್ತಿಗೆ ತೀರಿಕೊಂಡು ಎಷ್ಟೋ ದಶಕ ಆಗಿತ್ತು.

ಉಲ್ಕೆಯನ್ನು ಮುಟ್ಟಬಹುದು, ತಣ್ಣಗಿರುತ್ತದೆ. ಮುಟ್ಟುವಾಗ ಆ ಹುಡುಗನ ಕಥೆಯೂ ಗೊತ್ತಿರಲಿ ಎಂದು ಇಷ್ಟು ಬರೆದೆ. ಅಲ್ಲೇ ಇನ್ನೊಂದು ಭಾಗದಲ್ಲಿ ವಿಲಾಮೆಟ್ ಉಲ್ಕೆ ಇದೆ. ಆರೆಗಾನ್‌ನ ಮೂಲನಿವಾಸಿಗಳಿಗೆ ಅದು ಪೂಜ್ಯ. 2000ದಲ್ಲಿ ಮ್ಯೂಸಿಯಂ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು. ಅದರಂತೆ ಅವರು ಬಂದು ಅದರ ಮುಂದೆ ತಮ್ಮ ಆಚರಣೆ ನಡೆಸುತ್ತಾರೆ.

ಪ್ರಶ್ನೆ: ಆರು ವರ್ಷದ ಮಗಳಿಗೆ ಮ್ಯೂಸಿಯಂ ಅಂದರೆ ಬೋರು. ಅರ್ಧ ಗಂಟೆಯಲ್ಲೇ ಮನೆಗೆ ಹೋಗೋಣ ಅಂತಾಳೆ. ಏನು ಮಾಡಲಿ?
– ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಬೋರ್ಡ್ ಓದಿ ಹೇಳುವುದನ್ನು ನಿಲ್ಲಿಸಿ. ಜೀವ ಇರುವುದನ್ನು ಮೊದಲು ತೋರಿಸಿ. ಗಿಲ್ಡರ್ ಸೆಂಟರ್‌ನಲ್ಲಿ ಎಲೆ ಕತ್ತರಿಸುವ ಇರುವೆಗಳ ದೊಡ್ಡ ಗೂಡು ಇದೆ. ಎಲೆಯ ತುಂಡು ಹೊತ್ತು ಸಾಲಾಗಿ ನಡೆಯುತ್ತವೆ. ಆ ಎಲೆ ತಿನ್ನಲು ಅಲ್ಲ. ಅಗಿದು ಮೆದುಮಾಡಿ ಅದರ ಮೇಲೆ ಅಣಬೆಯ ಜಾತಿಯ ಬೂಷ್ಟು ಬೆಳೆಸಿ ಅದನ್ನು ತಿನ್ನುತ್ತವೆ. ಇವು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ. ನಮ್ಮಲ್ಲಿ ಇದೇ ಬೇಸಾಯ ಮಾಡುವುದು ಗೆದ್ದಲು. ಮಲೆನಾಡಿನಲ್ಲಿ ಮೊದಲ ಮಳೆ ಗುಡುಗಿಗೆ ಹುತ್ತದ ಮೇಲೆ ಅಣಬೆ ಏಳುತ್ತದಲ್ಲ, ಅದು ಗೆದ್ದಲಿನ ತೋಟದಿಂದ ಬಂದದ್ದು. ಊರಿಗೆ ಬಂದಾಗ ಮಗಳಿಗೆ ಹುತ್ತ ತೋರಿಸಿ ಈ ಎರಡನ್ನೂ ಸೇರಿಸಿ ಹೇಳಿ. ನೆನಪಿಟ್ಟುಕೊಳ್ಳುತ್ತಾಳೆ.

ಅದೇ ಕಟ್ಟಡದಲ್ಲಿ ಚಿಟ್ಟೆಗಳ ಕೋಣೆಯೂ ಇದೆ, ಅದಕ್ಕೆ ಬೇರೆ ಟಿಕೆಟ್. ಒಳಗೆ ಸೆಖೆ, ಕೋಟು ಬಿಚ್ಚಿ ಹೋಗಿ. ಅರ್ಧ ಗಂಟೆಗೇ ಸಾಕು ಅಂದರೆ ಮನೆಗೆ ಹೋಗಿ. ನೀವು ಹತ್ತಿರ ಇದ್ದೀರಿ, ಆದಷ್ಟು ಕೊಟ್ಟು ಹೋಗುವ ಸೌಲಭ್ಯವೂ ಇದೆ, ಇನ್ನೊಮ್ಮೆ ಬರಬಹುದು.

ಪ್ರಶ್ನೆ: ನಾನು ಹಳ್ಳಿ ಶಾಲೆಯ ಮೇಷ್ಟ್ರು. ನಮ್ಮ ಮಕ್ಕಳು ಅಮೆರಿಕಕ್ಕೆ ಹೋಗುವುದು ಕನಸು. ಒಂದು ದಿನದಲ್ಲಿ ಹೋಗಿ ಬರುವ ಹಾಗೆ ಇಂಥದ್ದು ಏನಾದರೂ ನಮ್ಮಲ್ಲಿ ಇದೆಯಾ?
– ಶಿಕ್ಷಕರು, ಅರಸೀಕೆರೆ

ಉತ್ತರ: ಇದೆ ಮೇಷ್ಟ್ರೇ. ಮೈಸೂರಿನಲ್ಲಿ ಕಾರಂಜಿ ಕೆರೆಯ ದಂಡೆಯಲ್ಲಿ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ಇದೆ. 1995ರಲ್ಲಿ ತೆರೆದದ್ದು, ಕೇಂದ್ರ ಪರಿಸರ ಸಚಿವಾಲಯದ್ದು. ಮೃಗಾಲಯಕ್ಕೆ ಬರುವ ಶಾಲಾ ಬಸ್ಸುಗಳಲ್ಲಿ ಹೆಚ್ಚಿನವು ಪಕ್ಕದಲ್ಲೇ ಇರುವ ಇದನ್ನು ಬಿಟ್ಟು ಹೋಗುತ್ತವೆ, ನನಗೆ ಅದೇ ಸಂಕಟ. ದೆಹಲಿಯಲ್ಲಿದ್ದ ಇದೇ ತರದ ರಾಷ್ಟ್ರೀಯ ಸಂಗ್ರಹಾಲಯ 2016ರ ಏಪ್ರಿಲ್‌ನಲ್ಲಿ ಬೆಂಕಿಗೆ ಬಲಿಯಾಯಿತು. ಇರುವುದನ್ನು ನಾವು ಹೋಗಿ ನೋಡಬೇಕು, ಜನ ಬಂದರೆ ತಾನೇ ಸರಕಾರ ದುಡ್ಡು ಹಾಕುವುದು? ದೂರ ಹೋಗುವ ಅವಕಾಶ ಸಿಕ್ಕರೆ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂ ಇದೆ. 1814ರಲ್ಲಿ ಶುರುವಾದದ್ದು, ನ್ಯೂಯಾರ್ಕಿನದಕ್ಕಿಂತ ಐವತ್ತೈದು ವರ್ಷ ಹಿರಿಯದು.

ಬೆಂಗಳೂರಿಗೆ ಹೋಗುವುದಾದರೆ ಲಾಲ್‌ಬಾಗ್ ಬಂಡೆ ಹತ್ತಿಸಿ. ಕೆಂಪೇಗೌಡರ ಗೋಪುರ ಇರುವ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಫಲಕವೂ ಇದೆ. ನ್ಯೂಯಾರ್ಕಿನ ಯಾವ ಡೈನೋಸಾರೂ ಅದರ ವಯಸ್ಸಿನ ಹತ್ತನೇ ಒಂದು ಪಾಲೂ ಇಲ್ಲ. ಅಲ್ಲಿ ನಕಲಿಲ್ಲ, ಗಾಜಿಲ್ಲ, ಮಕ್ಕಳು ಮೇಲೆ ಕೂತು ಕೈಯಿಂದ ಸವರಬಹುದು. ಕಪ್ಪು ಬಿಳಿ ಪಟ್ಟಿಗಳು ಹೇಗೆ ಮಡಚಿಕೊಂಡಿವೆ ಎಂದು ಬರೆದುಕೊಳ್ಳಲು ಹೇಳಿ.

ಎಲ್ಲಿಗೇ ಹೋದರೂ ಮೊದಲೇ ಪತ್ರ ಬರೆದು ಎಷ್ಟು ಮಕ್ಕಳು, ಯಾವ ತರಗತಿ ಎಂದು ತಿಳಿಸಿ, ಜೊತೆಗೆ ನಿಂತು ವಿವರಿಸುವವರನ್ನು ಕೇಳಿ. ದಸರಾ ಸಮಯ ಬೇಡ, ಮೈಸೂರಿನಲ್ಲಿ ನೂಕುನುಗ್ಗಲು. ಪ್ರತಿ ಮಗುವಿಗೂ ಒಂದು ಪೆನ್ಸಿಲ್, ಒಂದು ಬಿಳಿ ಹಾಳೆ ಕೊಡಿ. ಬಸ್ಸಿನಲ್ಲಿ ವಾಪಸ್ ಬರುವಾಗ ಅವರು ಬರೆದದ್ದನ್ನು ಒಬ್ಬೊಬ್ಬರಾಗಿ ಹೇಳಿಸಿ. ಅವರು ಕೇಳಿದ ಪ್ರಶ್ನೆಗಳಲ್ಲಿ ನಿಮಗೆ ಉತ್ತರ ಸಿಗದವನ್ನು ಈ ಅಂಕಣಕ್ಕೆ ಕಳಿಸಿ.